ಸಹಾಯ ಬೇಕು: ಬೇಸ್‌ಬಾಲ್‌ನಲ್ಲಿ ಫಾರ್ಮ್ ಕಳ್ಕೊಂಡಿರೋ ಹುಡುಗ ವಾಪಸ್ ಬರ್ತಾನಾ?

ಎಲ್ಲರಿಗೂ ನಮಸ್ಕಾರ, ಇಲ್ಲಿ ಬೇಸ್‌ಬಾಲ್ ಆಡಿರೋರು ಅಥವಾ ಎಂಎಲ್‌ಬಿ (ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್) ಫಾಲೋ ಮಾಡೋರು ಇದ್ರೆ ಸ್ವಲ್ಪ ಹೇಳಿ. ಅಮೆರಿಕದಲ್ಲಿರೋ ನಮ್ಮಕ್ಕನ ಮಗ ಹೈಸ್ಕೂಲ್ ಟೀಮಲ್ಲಿ ಆಡ್ತಾನೆ, ಹೋದ ಸೀಸನ್ ಚೆನ್ನಾಗಿ ಹೊಡೀತಿದ್ದ, ಈಗ ಹಿಟ್ಟೇ ಬರ್ತಿಲ್ಲ, ಔಟ್‌ಸೈಡ್ ಹೋಗೋ ಸ್ಲೈಡರ್‌ಗೆಲ್ಲ (ಕೊನೇಲಿ ಪಕ್ಕಕ್ಕೆ ತಿರುಗೋ ಎಸೆತ) ಬ್ಯಾಟ್ ಬೀಸಿ ಸ್ಟ್ರೈಕೌಟ್ (ಮೂರು ಸ್ಟ್ರೈಕ್ ಆಗಿ ಔಟ್) ಆಗ್ತಾನೆ, ಅದ್ರ ಮೇಲೆ ಭಾವ ದಿನಕ್ಕೊಂದು ಸ್ಟಾನ್ಸ್ ಹೇಳ್ಕೊಡ್ತಾರೆ (ಅವರು ಜನ್ಮದಲ್ಲಿ ಬ್ಯಾಟ್ ಹಿಡಿದೋರಲ್ಲ ಬಿಡಿ).

ಧೈರ್ಯಕ್ಕೆ ಅಂತ ಆರನ್ ಜಡ್ಜ್ ವಿಷ್ಯ ಹೇಳ್ದೆ, 2016ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಟೀಮಿಗೆ ಬಂದಾಗ ಆವರೇಜ್ .179 (ಅಂದ್ರೆ ನೂರು ಸಲಕ್ಕೆ ಸುಮಾರು 18 ಹಿಟ್), 84 ಅಟ್-ಬ್ಯಾಟ್‌ಗೆ (ಬ್ಯಾಟಿಂಗ್ ಸರದಿ) 42 ಸ್ಟ್ರೈಕೌಟ್, ಮುಂದಿನ ವರ್ಷವೇ 52 ಹೋಮ್ ರನ್. ಹಳೇ ಕಾಲದ ದೊಡ್ಡ ಆಟಗಾರ ವಿಲ್ಲಿ ಮೇಸ್ ಕೂಡ 1951ರಲ್ಲಿ ಮೊದಲ 12 ಅಟ್-ಬ್ಯಾಟಲ್ಲಿ ಒಂದೂ ಹಿಟ್ ಇಲ್ದೆ ಶುರು ಮಾಡಿ ಅದೇ ವರ್ಷ ರೂಕಿ ಆಫ್ ದಿ ಇಯರ್ (ವರ್ಷದ ಬೆಸ್ಟ್ ಹೊಸ ಆಟಗಾರ) ಆದ. "ಮಾಮ, ಅವರೆಲ್ಲ ಬೇರೆ ಲೆವೆಲ್" ಅಂತಾನೆ ಹುಡುಗ, ಅದೂ ನಿಜಾನೇ.

ಬಾಲ್ ಗಟ್ಟಿಯಾಗಿ ತಾಗಿ ಸೀದಾ ಫೀಲ್ಡರ್ ಕೈಗೆ ಹೋಗ್ತಿದ್ರೆ ಬ್ಯಾಡ್ ಲಕ್ ಅನ್ಬಹುದಿತ್ತು, ಇವನಿಗೆ ತಾಗ್ತಾನೇ ಇಲ್ಲ. ಇದು ಟೈಮಿಂಗ್ ತೊಂದ್ರೇನಾ, ಪಿಚ್ ಸೆಲೆಕ್ಷನ್ನಾ (ಯಾವ ಎಸೆತಕ್ಕೆ ಹೊಡೀಬೇಕು, ಯಾವ್ದು ಬಿಡ್ಬೇಕು ಅನ್ನೋದು), ಇಲ್ಲ ಬರೀ ಭಯಾನಾ, ಹೇಗೆ ಗೊತ್ತಾಗತ್ತೆ? ಟೀ (ಬಾಲ್ ಇಡೋ ಸ್ಟ್ಯಾಂಡ್) ಮೇಲೆ ಬಾಲ್ ಇಟ್ಟು ಹೊಡೆಸಿದ್ರೆ ಸಾಕಾ ಅಥವಾ ಪಿಚಿಂಗ್ ಮಷಿನಲ್ಲಿ ಸ್ಲೈಡರ್ ಹಾಕ್ಸಿ ಯಾವ್ದನ್ನ ಬಿಡ್ಬೇಕು ಅಂತ ಕಲಿಸ್ಬೇಕಾ? ಅನುಭವ ಇರೋರು ಬರೀರಿ ಪ್ಲೀಸ್, ಭಾವಂಗೂ ತೋರಿಸ್ಬೇಕು.