ವಕೀಲರನ್ನು ಕೇಳಿ: ಊರ ಬಹಿಷ್ಕಾರ, ಅಟ್ರಾಸಿಟಿ ಕೇಸು, ಮಾನವ ಹಕ್ಕು ಆಯೋಗ

ಸಿಂಧನೂರು ಸದಸ್ಯ: ಮೇಡಂ, ಮಾನವ ಹಕ್ಕು ಆಯೋಗಕ್ಕೆ ಅರ್ಜಿ ಹಾಕಿದರೆ ಪಿಎಸ್‌ಐ ಸಸ್ಪೆಂಡ್ ಆಗ್ತಾರಾ?

ವಕೀಲರು: ಇಲ್ಲ. ಆಯೋಗ ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ ಅಷ್ಟೇ. ಘಟನೆ ನಡೆದು 1 ವರ್ಷದೊಳಗೆ ಅರ್ಜಿ ಕೊಡಿ.

ಹೆಸರು ಬೇಡ, ಗಂಗಾವತಿ ತಾಲೂಕು: ನಮ್ಮೂರ ಕಟಿಂಗ್ ಶಾಪಿನಲ್ಲಿ ನಮ್ಮ ಕೇರಿ ಹುಡುಗನಿಗೆ ಕಟಿಂಗ್ ಮಾಡಲ್ಲ ಅಂದರು, ಜಗಳ ಆಯಿತು. ಮಾರನೇ ದಿನ ಡಂಗುರ. ನಮಗೆ ಕಿರಾಣಿ ಕೊಡಬಾರದು, ಹಿಟ್ಟಿನ ಗಿರಣಿಗೆ ಸೇರಿಸಬಾರದು, ಭತ್ತದ ನಾಟಿಗೆ ಕರೆದವರಿಗೆ ದಂಡ. ಯಾರೂ ಹೊಡೆದಿಲ್ಲವಲ್ಲ, ಕೇಸು ಆಗಲ್ಲ ಅಂತ ಠಾಣೆಯಿಂದ ಕಳಿಸಿಬಿಟ್ಟರು.

ವಕೀಲರು: ಹೊಡೆದಿಲ್ಲ ಅನ್ನುವುದು ನೆಪ. ಬಹಿಷ್ಕಾರ ಹಾಕುವುದು, ಹಾಕುತ್ತೇವೆ ಎಂದು ಹೆದರಿಸುವುದು ಎರಡೂ ಅಟ್ರಾಸಿಟಿ ಕಾಯ್ದೆಯ, ಅಂದರೆ ಎಸ್‌ಸಿ, ಎಸ್‌ಟಿಯವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ, ಕಲಂ 3ರಲ್ಲಿ ಅಪರಾಧ. ಅದೇ ಕಾಯ್ದೆಯ ಕಲಂ 18ಎ ಪ್ರಕಾರ ಎಫ್‌ಐಆರ್‌ಗೆ ಮುಂಚೆ ವಿಚಾರಣೆ ಬೇಕಿಲ್ಲ. ಠಾಣೆಯಲ್ಲಿ ತಗೊಳ್ಳದಿದ್ದರೆ ಎಸ್‌ಪಿಗೆ ಸ್ಪೀಡ್ ಪೋಸ್ಟ್ ಮಾಡಿ, ಅಲ್ಲೂ ಆಗದಿದ್ದರೆ ಕೋರ್ಟು. ನನ್ನ ಚಿಂತೆ ಸಾಕ್ಷಿಯದು. ಡಂಗುರ ಬಾಯಿಮಾತು, ಸಾರಿದವನೇ ನಾಳೆ ನಾನಲ್ಲ ಅಂತಾನೆ. ಇವತ್ತೇ ಇಬ್ಬರು ಅಂಗಡಿಗೆ ಹೋಗಿ ಸಾಮಾನು ಕೇಳಿ, ಇಲ್ಲ ಅಂದದ್ದನ್ನು ತಾರೀಕು, ಹೊತ್ತು, ಅಂದವರ ಹೆಸರು ಸಮೇತ ಬರೆದಿಡಿ. ನಾಟಿ ಮೇಸ್ತ್ರಿ ಫೋನಿನಲ್ಲಿ ಬರಬೇಡಿ ಅಂದಿದ್ದರೆ ಆ ರೆಕಾರ್ಡಿಂಗ್ ಅಳಿಸಬೇಡಿ. ಇದು ಕಟಿಂಗ್ ಜಗಳ ಅಂದುಕೊಳ್ಳಬೇಡಿ. ಕಾಲುವೆ ನೀರಿನ ಭೂಮಿ ಒಬ್ಬರದು, ನಾಟಿಯ ಕೂಲಿ ಇನ್ನೊಬ್ಬರದು ಆಗಿರುವ ಊರಲ್ಲಿ, ಕೂಲಿಯವರು ಸರಿಸಮ ನಿಂತ ದಿನ ಇಂಥದ್ದು ಶುರು. ನಿಮ್ಮದೇ ತಾಲೂಕಿನ ಮರಕುಂಬಿಯಲ್ಲೂ ಹೋಟೆಲ್, ಕ್ಷೌರದಂಗಡಿ ತಕರಾರು ಇತ್ತು. 2014ರಲ್ಲಿ ಸಿನಿಮಾ ಟಿಕೆಟ್ ಗಲಾಟೆಯೇ ನೆಪಕ್ಕೆ ಸಾಕಾಯಿತು, ದಲಿತರ ಗುಡಿಸಲು ಸುಟ್ಟರು. ಕೊಪ್ಪಳ ಕೋರ್ಟು 98 ಜನಕ್ಕೆ ಜೀವಾವಧಿ ಕೊಟ್ಟದ್ದು 2024ರ ಅಕ್ಟೋಬರಿನಲ್ಲಿ.

ಬಳ್ಳಾರಿ ಸದಸ್ಯ: ಫಾರ್ವರ್ಡ್ ಬಂದಿದೆ, ‘ಸುಪ್ರೀಂ ಕೋರ್ಟ್ ಅಟ್ರಾಸಿಟಿ ಕಾಯ್ದೆ ತೆಗೆದಿದೆ, ಎಲ್ಲರಿಗೂ ಕಳಿಸಿ’.

ವಕೀಲರು: ಸುಳ್ಳು. 2018ರ ಸುಪ್ರೀಂ ಕೋರ್ಟ್ ತೀರ್ಪು ಎಫ್‌ಐಆರ್‌ಗೆ ಮುಂಚೆ ವಿಚಾರಣೆ ಆಗಲಿ ಅಂದಿತ್ತು. ಅದೇ ವರ್ಷ ಸಂಸತ್ತು 18ಎ ತಂದಿತು, 2020ರಲ್ಲಿ ಕೋರ್ಟೇ ಅದನ್ನು ಒಪ್ಪಿತು. ಇಂಥದ್ದು ನಂಬಿ ಜನ ದೂರು ಕೊಡದೆ ಕೂರುತ್ತಾರೆ. ಅಳಿಸಿ ಅದನ್ನ.

ಮಾನ್ವಿ ಸದಸ್ಯ: ಸುಳ್ಳು ಕೇಸುಗಳ ಬಗ್ಗೆನೂ ಹೇಳಿ ಮೇಡಂ.

ಲಿಂಗಸೂಗೂರು ಸದಸ್ಯ: ಅಣ್ಣಾ, ನಿಮ್ಮೂರ ಹೋಟೆಲಲ್ಲಿ ಎಲ್ಲರಿಗೂ ಒಂದೇ ಗ್ಲಾಸಾ? ಮೊದಲು ಅದು ಹೇಳಿ.

ಮಾನ್ವಿ ಸದಸ್ಯ: ನಮ್ಮೂರ ಸುದ್ದಿ ನಿಮಗ್ಯಾಕೆ?

ಲಿಂಗಸೂಗೂರು ಸದಸ್ಯ: ಉತ್ತರ ಸಿಕ್ತು ಬಿಡಿ.

ಕುಷ್ಟಗಿ ಸದಸ್ಯೆ: ಮೇಡಂ, ಪರಿಹಾರದ ಮೊದಲ ಕಂತೇ ಬಂದಿಲ್ಲ, ಯಾರನ್ನು ಕೇಳಲಿ?

ಸಿರುಗುಪ್ಪ ಸದಸ್ಯ: ದುಡ್ಡು ಕಟ್ಟಿದರೆ ಹ್ಯೂಮನ್ ರೈಟ್ಸ್ ಕಾರ್ಡ್ ಕೊಡ್ತಾರಂತೆ, ತಗೊಳ್ಳಲಾ?

ವಕೀಲರು: ಆ ಕಾರ್ಡಿಗೆ ಯಾವ ಅಧಿಕಾರವೂ ಇಲ್ಲ.

ಸಿಂಧನೂರು ಸದಸ್ಯ: ಆಯೋಗಕ್ಕೆ ಎಷ್ಟು ದಿನದೊಳಗೆ ಕೊಡಬೇಕು ಅಂದ್ರಿ?

ವಕೀಲರು: ಮೇಲೆ ಓದಿ.

ಹೆಸರು ಬೇಡ: ಮೇಡಂ, ರಾತ್ರಿ ರಾಜಿಗೆ ಕರೆದಿದ್ದಾರೆ.

ವಕೀಲರು: ಹೋಗಬೇಡಿ. ಯಾವ ಕಾಗದಕ್ಕೂ ಸಹಿ ಬೇಡ. ಈಗಲೇ ಡಿವೈಎಸ್‌ಪಿ ಆಫೀಸಿಗೆ ಹೊರಡಿ, ಅಟ್ರಾಸಿಟಿ ತನಿಖೆ ಮಾಡಬೇಕಾದವರು ಅವರೇ.

ಮಾನ್ವಿ ಸದಸ್ಯ: ರಾಜಿ ಆದರೆ ವಕೀಲರಿಗೆ ಫೀಸು ಎಲ್ಲಿಂದ ಬರಬೇಕು!

ವಕೀಲರು: ಎಸ್‌ಸಿ, ಎಸ್‌ಟಿಯವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ, ಆದಾಯವನ್ನೂ ಕೇಳಲ್ಲ. ಅಡ್ಮಿನ್, ಇವರನ್ನು ತೆಗೀತೀರೋ, ನಾನೇ ಹೋಗಲೋ?