ಬಾಲ್ಯದ ಆಘಾತ ಮತ್ತು ದೌರ್ಜನ್ಯ: ಕ್ಲಿನಿಕಲ್ ಸೈಕಾಲಜಿ ಕಲಿಯುವವರ ಪ್ರಶ್ನೋತ್ತರ

ನಿರ್ವಾಹಕರು: ಮಕ್ಕಳ ವಿಭಾಗದಲ್ಲಿ ಕೆಲಸ ಮಾಡುವ ಹಾಗೂ ತರಬೇತಿ ನೀಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಮೇಡಂ ಇಂದು ನಮ್ಮ ಆನ್‌ಲೈನ್ ಗುಂಪಿನಲ್ಲಿ ನಿಮ್ಮ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರಿಸುತ್ತಾರೆ.

ಬಿ.ಎ. ವಿದ್ಯಾರ್ಥಿ: ಮೇಡಂ, ಎಂ.ಫಿಲ್. ನಿಂತುಹೋಯಿತೆಂದು ಕೇಳಿದೆ. ಮಕ್ಕಳ ಆಘಾತದ ಕ್ಷೇತ್ರಕ್ಕೆ ಬರುವ ದಾರಿ ಯಾವುದು?

ಮೇಡಂ: ರಾಷ್ಟ್ರೀಯ ಶಿಕ್ಷಣ ನೀತಿ 2020, ಸ್ನಾತಕೋತ್ತರ ಪದವಿಯ ನಂತರ ಮಾಡುವ ಎಂ.ಫಿಲ್. ಪದವಿಯನ್ನು ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ವಿಷಯಗಳಿಗೆ ಮಾತ್ರ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2025-26ರವರೆಗೆ ಅವಕಾಶ ವಿಸ್ತರಿಸಿತು. ಮುಂದಿನ ಪ್ರವೇಶಗಳಿಗೆ, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ಮಾನ್ಯತೆಯ ಪಟ್ಟಿಯನ್ನು ನೋಡದೆ ಎಲ್ಲಿಯೂ ಶುಲ್ಕ ಕಟ್ಟಬೇಡಿ. ಸಾಮಾನ್ಯ ಎಂ.ಎ. ಮನಃಶಾಸ್ತ್ರ ಪದವಿಯೊಂದರಿಂದಲೇ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ನೋಂದಣಿಯಾಗುವುದಿಲ್ಲ.

ಎಂ.ಎಸ್‌ಸಿ. ವಿದ್ಯಾರ್ಥಿನಿ: ಮೇಡಂ, ನಾನು ಇಂಟರ್ನ್‌ಶಿಪ್‌ಗಾಗಿ ಶಾಲೆಯೊಂದಕ್ಕೆ ಹೋಗುತ್ತಿದ್ದೇನೆ. ನಿನ್ನೆ ಒಬ್ಬ ಬಾಲಕಿ, "ಮಾವ ರಾತ್ರಿ ಆಟ ಆಡಿಸುತ್ತಾರೆ, ನನಗೆ ಬೇಡ ಅಕ್ಕಾ, ಯಾರಿಗೂ ಹೇಳಬೇಡಿ" ಎಂದಳು. ತರಗತಿಯಲ್ಲಿ ಗೋಪ್ಯತೆಯ ಪಾಠ ಕೇಳಿದ್ದರಿಂದ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಮುಖ್ಯೋಪಾಧ್ಯಾಯರು ಮಾವನನ್ನು ಕರೆಸಿ ವಿಚಾರಿಸೋಣ, ಮಗುವಿನಿಂದ ಇನ್ನೊಮ್ಮೆ ಎಲ್ಲವನ್ನೂ ಬರೆಸಿಕೊಳ್ಳಿ ಎನ್ನುತ್ತಿದ್ದಾರೆ.

ಮೇಡಂ: ಬೇರೆಯವರು ದಯವಿಟ್ಟು ಕಾಯಿರಿ. ಮೊದಲಿಗೆ, ನಿಮ್ಮ ಬರಹದಲ್ಲಿದ್ದ ತಾಲ್ಲೂಕು ಮತ್ತು ತರಗತಿಯ ವಿವರಗಳನ್ನು ನಿರ್ವಾಹಕರಿಗೆ ಹೇಳಿ ತೆಗೆಸಿದ್ದೇನೆ, ಏಕೆಂದರೆ ಅಷ್ಟರಿಂದಲೇ ಮಗುವಿನ ಗುರುತು ಹತ್ತುತ್ತದೆ.

ಮಾವನನ್ನು ಕರೆಸಬೇಡಿ. ಆ ಮಗು ಸಂಜೆ ಮರಳುವುದು ಅದೇ ಮನೆಗೆ. ವಿಷಯ ಅವನ ಕಿವಿಗೆ ಬಿದ್ದರೆ ಮೊದಲು ಬಾಯಿ ಮುಚ್ಚುವುದು ಆ ಮಗುವೇ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ, 2012ರ 19ನೇ ಕಲಮಿನ ಪ್ರಕಾರ, ಇಂತಹ ಅಪರಾಧ ನಡೆದಿದೆ ಅಥವಾ ನಡೆಯಬಹುದು ಎಂದು ತಿಳಿದ ಯಾರೇ ಆಗಲಿ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಠಾಣೆಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು. ಸದುದ್ದೇಶದಿಂದ ಮಾಹಿತಿ ನೀಡಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಇದನ್ನು ನಿಮ್ಮ ಮುಖ್ಯೋಪಾಧ್ಯಾಯರಿಗೂ ತೋರಿಸಿ. ಮಗುವಿಗೆ ರಕ್ಷಣೆ ಬೇಕೆಂದು ಕಂಡರೆ ಪೊಲೀಸರು 24 ಗಂಟೆಯೊಳಗೆ ಅದಕ್ಕೆ ವ್ಯವಸ್ಥೆ ಮಾಡಬೇಕು, ಮಕ್ಕಳ ಕಲ್ಯಾಣ ಸಮಿತಿಗೂ ವರದಿ ಮಾಡಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಈಗಲೇ ಕರೆ ಮಾಡಿ.

ಇನ್ನೊಮ್ಮೆ ಬರೆಸಿಕೊಳ್ಳುವುದು ಬೇಡವೇ ಬೇಡ. "ಮಾವ ಇಲ್ಲಿ ಮುಟ್ಟಿದರಾ?" ಎಂದು ಉತ್ತರವನ್ನು ಬಾಯಿಗೆ ಇಡುವಂತೆ ಕೇಳಿದರೆ, ಅದರಲ್ಲೂ ಪದೇ ಪದೇ ಕೇಳಿದರೆ, ಎಳೆಯ ಮಕ್ಕಳ ನೆನಪಿನೊಳಗೆ ನಮ್ಮ ಮಾತುಗಳು ಬೆರೆಯುತ್ತವೆ, ನಾಳೆ ನ್ಯಾಯಾಲಯದಲ್ಲಿ ಅದೇ ಮಗುವಿಗೆ ಎದುರಾಗುತ್ತದೆ. ನೀವು ಏನು ಕೇಳಿದಿರಿ, ಅವಳು ಏನು ಹೇಳಿದಳು ಎಂಬುದನ್ನು ಅವಳದೇ ಮಾತುಗಳಲ್ಲಿ, ದಿನಾಂಕ ಮತ್ತು ವೇಳೆಯೊಂದಿಗೆ ಬರೆದಿಡಿ. "ಆಟ" ಎಂದಿದ್ದನ್ನು "ಲೈಂಗಿಕ ದೌರ್ಜನ್ಯ" ಎಂದು ತಿದ್ದಿ ಬರೆಯಬೇಡಿ.

ಮಗುವಿನ ಬಳಿ ಹೋಗಿ ನೇರವಾಗಿ ಹೇಳಿ: "ಯಾರಿಗೂ ಹೇಳುವುದಿಲ್ಲ ಎಂದಿದ್ದೆ, ಆ ಮಾತು ಕೊಡಬಾರದಿತ್ತು. ನಿನ್ನನ್ನು ಕಾಪಾಡುವವರಿಗೆ ಹೇಳಲೇಬೇಕು. ನೀನು ಹೇಳಿದ್ದು ಒಳ್ಳೆಯದಾಯಿತು." ಗೋಪ್ಯತೆಗೆ ಮಿತಿಯಿದೆ ಎಂಬುದನ್ನು ಮೊದಲ ಭೇಟಿಯಲ್ಲಿಯೇ ಮಕ್ಕಳಿಗೆ ತಿಳಿಸಬೇಕು. ಅದನ್ನು ಹೇಳಿಕೊಡದೆ ನಿಮ್ಮನ್ನು ಶಾಲೆಗೆ ಕಳುಹಿಸಿದವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ನಿಮ್ಮ ಮೇಲ್ವಿಚಾರಕರು ಯಾರು?

ಸದಸ್ಯ: ಕುಟುಂಬದ ಮಾನ ಹೋಗುತ್ತದೆ, ಆ ಹುಡುಗಿಗೆ ಮುಂದೆ ಮದುವೆಯಾಗಬೇಡವೇ? ಹಿರಿಯರು ಕುಳಿತು ಬಗೆಹರಿಸಿಕೊಳ್ಳಬಹುದಿತ್ತು.

ಶಿಕ್ಷಕಿ: ಹಿರಿಯರು ಬಗೆಹರಿಸಿದ್ದರಿಂದಲೇ ಎಷ್ಟೋ ಮನೆಗಳಲ್ಲಿ ಅದೇ ಮಾವ ಇಂದಿಗೂ ಊಟಕ್ಕೆ ಬರುತ್ತಾನೆ, ಸರ್.

ಸದಸ್ಯ: ನೀವು ಎಲ್ಲ ಗಂಡಸರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೀರಿ.

ಶಿಕ್ಷಕಿ: ನಾನು ಒಬ್ಬನ ಬಗ್ಗೆ ಮಾತನಾಡಿದೆ. ಎಲ್ಲರ ಬಗ್ಗೆ ಎಂದು ನಿಮಗೇಕೆ ಅನಿಸಿತು?

ಮೇಡಂ: ಈ ವಾದವನ್ನು ಇಲ್ಲಿಗೆ ನಿಲ್ಲಿಸಿ. ಕಾನೂನು ರಾಜಿಗೆ ಬಿಟ್ಟಿರುವ ವಿಷಯ ಇದಲ್ಲ.

ಗೃಹಿಣಿ: ಮಗು ಬರೆದ ಮನೆಯ ಚಿತ್ರಕ್ಕೆ ಕಿಟಕಿ ಇಲ್ಲದಿದ್ದರೆ ದೌರ್ಜನ್ಯದ ಗುರುತು ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ಹಿಪ್ನಾಸಿಸ್‌ನಿಂದ ಮರೆತದ್ದೆಲ್ಲ ಹೊರಬರುತ್ತದೆಯಂತೆ. ನಿಜವೇ?

ಮೇಡಂ: ಎರಡೂ ಸುಳ್ಳು. ಚಿತ್ರ ನೋಡಿ ದೌರ್ಜನ್ಯವನ್ನು ನಿರ್ಧರಿಸಲಾಗದು. ಹಿಪ್ನಾಸಿಸ್‌ನಲ್ಲಿ ನಡೆಯದೇ ಇದ್ದದ್ದೂ ನೆನಪಿನಂತೆ ಮೂಡಬಹುದು. ಇವನ್ನು ಮುಂದಕ್ಕೆ ಕಳುಹಿಸಬೇಡಿ; ಇಂತಹ ಸಂದೇಶ ನಂಬಿ ಮಗುವನ್ನು ರಾತ್ರಿಯಿಡೀ ಪ್ರಶ್ನಿಸಿದ ತಂದೆತಾಯಿಯರು ನಮ್ಮಲ್ಲಿಗೆ ಬರುತ್ತಾರೆ.

ಆಪ್ತಸಮಾಲೋಚಕ: ವಾರಾಂತ್ಯದ ಟ್ರಾಮಾ ಥೆರಪಿ ಸರ್ಟಿಫಿಕೇಟ್ ಪಡೆದಿದ್ದೇನೆ. ಮಕ್ಕಳನ್ನು ನೋಡಬಹುದೇ?

ಮೇಡಂ: ಅದೊಂದರ ಬಲದಿಂದ ನೋಡಬಾರದು. ಕೊಹೆನ್, ಮನ್ನಾರಿನೊ ಮತ್ತು ಡೆಬ್ಲಿಂಜರ್ ರೂಪಿಸಿದ ಆಘಾತ ಕೇಂದ್ರಿತ ಸಿಬಿಟಿಯಲ್ಲಿ (ಯೋಚನೆ ಮತ್ತು ನಡವಳಿಕೆಯನ್ನು ತಿದ್ದಲು ನೆರವಾಗುವ ಮಾತಿನ ಚಿಕಿತ್ಸೆ) ಮಗು ತನ್ನ ಕಥೆ ಹೇಳುವ ಹಂತಕ್ಕೆ ಮೊದಲು ಉದ್ವೇಗವನ್ನು ತಾಳಿಕೊಳ್ಳುವ ಕೌಶಲಗಳನ್ನು ಕಲಿಸಬೇಕು, ದೌರ್ಜನ್ಯದಲ್ಲಿ ಪಾಲಿಲ್ಲದ ಪೋಷಕರನ್ನು ಜೊತೆಗೆ ಸೇರಿಸಿಕೊಳ್ಳಬೇಕು. ಎಷ್ಟು ನಿಧಾನವಾಗಿ ಸಾಗಬೇಕೆಂಬುದು ಸ್ಲೈಡ್ ನೋಡಿ ಬರುವುದಿಲ್ಲ, ಪ್ರತಿ ವಾರ ನಿಮ್ಮ ಕೇಸನ್ನು ಹಿರಿಯರೊಬ್ಬರು ಕೂತು ನೋಡಿ ತಿದ್ದಿದಾಗ ಬರುತ್ತದೆ.



ಇನ್ನೊಬ್ಬ ವಿದ್ಯಾರ್ಥಿ: ಮೇಡಂ, ಎಂ.ಫಿಲ್. ನಿಂತುಹೋಗಿದೆಯೇ?

ಮೇಡಂ: ಮೇಲೆ ಬರೆದಿದ್ದೇನೆ. ಓದಿ.

ಸದಸ್ಯ: ನಮ್ಮ ಕಾಲದಲ್ಲಿ ಮೇಷ್ಟ್ರು ಬೆತ್ತದಿಂದ ಹೊಡೆದೇ ಕಲಿಸಿದರು, ಯಾರಿಗೂ ಆಘಾತವಾಗಲಿಲ್ಲ.

ಶಿಕ್ಷಕಿ: ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ. ಅಷ್ಟನ್ನಾದರೂ ತಿಳಿದು ಬರೆಯಿರಿ.

ಸದಸ್ಯ: ಪಾಠ ನಿಮ್ಮ ತರಗತಿಯಲ್ಲಿ ಮಾಡಿ.

ಎಂ.ಎಸ್‌ಸಿ. ವಿದ್ಯಾರ್ಥಿನಿ: ಮೇಡಂ, 1098ಕ್ಕೆ ಮತ್ತು ಠಾಣೆಗೆ ತಿಳಿಸಿದೆ. ಮುಖ್ಯೋಪಾಧ್ಯಾಯರು ಸಿಟ್ಟಾಗಿದ್ದಾರೆ. ಹೇಳಿಕೆಗಾಗಿ ಮಗುವನ್ನು ಠಾಣೆಗೆ ಕರೆದೊಯ್ಯುತ್ತಾರೆಯೇ?

ಮೇಡಂ: ಒಯ್ಯಬೇಕಾಗಿಲ್ಲ. ಪೋಕ್ಸೊ ಕಾಯ್ದೆಯ 24ನೇ ಕಲಮಿನಂತೆ ಮಗುವಿನ ಮನೆಯಲ್ಲಿ ಅಥವಾ ಅವಳು ಬಯಸಿದ ಜಾಗದಲ್ಲಿ ಹೇಳಿಕೆ ಪಡೆಯಬೇಕು. ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳೆಯಾಗಿರಬೇಕು. ಮನೆಯಲ್ಲಿ ಮಾವನಿದ್ದಾನೆ, ಆದ್ದರಿಂದ ಬೇರೆ ಜಾಗ ಕೇಳಿ. ಇನ್ನು ಮುಂದೆ ಈ ಪ್ರಕರಣದ ಒಂದು ಸಾಲನ್ನೂ ಗುಂಪಿನಲ್ಲಿ ಬರೆಯಬೇಡಿ. ಮೇಲ್ವಿಚಾರಕರ ಹೆಸರನ್ನು ನನಗೆ ಖಾಸಗಿಯಾಗಿ ಕಳುಹಿಸಿ, ನಾನೇ ಅವರೊಂದಿಗೆ ಮಾತನಾಡುತ್ತೇನೆ. ನಿರ್ವಾಹಕರೇ, ಪ್ರಶ್ನೆಗಳನ್ನು ಇಲ್ಲಿಗೆ ಮುಚ್ಚಿ.