ಖಣದ ಆರ್ಡರ್ ಬರಕೊಳ್ಳಾಕ ಪಿಎಚ್‌ಪಿ ಕಲೀಲೋ, ಪೈಥಾನ್ ಕಲೀಲೋ?

ಖಣದ ಮನಿ, ಗುಳೇದಗುಡ್ಡ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮನ್ಯಾಗ ಎರಡು ಗುಂಡಿ ಮಗ್ಗ ಅದಾವು. ಅಪ್ಪ ಖಣ (ಕುಪ್ಪಸದ ಬಟ್ಟೆ) ನೇಯ್ತಾರ, ಅವ್ವ ಕಂಡಿಕಿ ಸುತ್ತತಾಳ. ಆರ್ಡರ್ ಫೋನಿನ್ಯಾಗ ಬರ್ತಾವು, ಅಪ್ಪ ಕ್ಯಾಲೆಂಡರ್ ಹಾಳಿ ಹಿಂದ ಬರದಿಡ್ತಾರ. ಹೋದ ತಿಂಗಳ ‘ತೇರು’ ವಿನ್ಯಾಸ ಕೇಳಿದವರಿಗೆ ‘ಸೂರ್ಯನಾರಾಯಣ’ ವಿನ್ಯಾಸ ಹೋಗಿ 12 ಖಣ ತಿರುಗಿ ಬಂದ್ವು. ಅಪ್ಪ ಆ ದಿನ ಸರಿಯಾಗಿ ಉಣ್ಣಲಿಲ್ಲ.

ಅದಕ್ಕ ನಾನ ಆರ್ಡರ್ ಬರಕೊಳ್ಳೂ ಪುಟ ಮಾಡಾಕ ಹತ್ತೀನಿ. ಎಚ್‌ಟಿಎಂಎಲ್ (ವೆಬ್ ಪುಟ ಬರಿಯೂ ಭಾಷೆ) ಫಾರ್ಮ್ ತಯಾರ್ ಐತಿ: ಹೆಸರು, ಊರು, ಬಣ್ಣ, ವಿನ್ಯಾಸ, ಎಷ್ಟು ಖಣ. ಸಬ್ಮಿಟ್ ಒತ್ತಿದ್ರ ಎಲ್ಲೂ ಉಳಿಯೂದಿಲ್ಲ. ಒಬ್ಬರು ಪೈಥಾನ್ ಕಲಿ ಅಂತಾರ, ಇನ್ನೊಬ್ಬರು ನೋಡ್ ಜೆಎಸ್ (ಜಾವಾಸ್ಕ್ರಿಪ್ಟ್ ಭಾಷೇನ ಸರ್ವರ್‌ನ್ಯಾಗ ಓಡಸೂದು) ಅಂತಾರ. ನನ್ನ ಹತ್ರ ಇರೂದು ಒಂದು ಹಳೇ ಪಿಎಚ್‌ಪಿ ಪುಸ್ತಕ. ಅದನ್ನ ನೋಡಿ ಝ್ಯಾಂಪ್ ಹಾಕಿದೆ, ಅಂದ್ರ ಅಪಾಚೆ ವೆಬ್ ಸರ್ವರ್, ಡೇಟಾಬೇಸ್, ಪಿಎಚ್‌ಪಿ ಒಟ್ಟಿಗೆ ಬರೂ ಪ್ಯಾಕೇಜ್. ಅಪಾಚೆ ಸ್ಟಾರ್ಟ್ ಒತ್ತಿದ್ರ ಒಂದು ಕ್ಷಣ ಹಸರ ಆಗಿ ಆರತೈತಿ, ಕೆಳಗ 80ನೇ ಪೋರ್ಟ್ (ಸರ್ವರ್‌ಗೆ ಬರೂ ಬಾಗಿಲಿನ ನಂಬರ್) ಬಗ್ಗೆ ಕೆಂಪಕ್ಷರ ಬರ್ತಾವು. 4 ಜಿಬಿ ರ್‍ಯಾಮ್ ಲ್ಯಾಪ್‌ಟಾಪ್, ವಿಂಡೋಸ್ 10. ಯಾವ ಭಾಷೆ ಹಿಡೀಲಿ?

ಅಂಗಡಿ ವೆಬ್‌ಸೈಟ್ ಮಾಡಾಂವ, ವಿಜಯಪುರ

ತಂಗಿ, ಪಿಎಚ್‌ಪಿನ ಹಿಡಿ. 1995ರಾಗ ರಾಸ್ಮಸ್ ಲೆರ್ಡಾರ್ಫ್ ಅದನ್ನ ಹೊರಗ ಬಿಟ್ಟಾಗಿಂದ ಅದರ ಕೆಲಸ ನಿನ್ನ ಕೆಲಸನ: ಫಾರ್ಮಿನ್ಯಾಗ ಬಂದದ್ದನ್ನ ತಗೊಂಡು ಪುಟ ಕಟ್ಟಿ ಕೊಡೂದು. ಕನ್ನಡ ವಿಕಿಪೀಡಿಯ ಓಡೂದೂ ಅದರ ಮ್ಯಾಲೇ. ಕಡಿಮಿ ರೊಕ್ಕದ ಹೋಸ್ಟಿಂಗ್‌ನ್ಯಾಗ (ಬಾಡಿಗಿ ಸರ್ವರ್) ಫೈಲ್ ಏರಿಸಿದ್ರ ಸಾಕು, ಓಡತೈತಿ. ನೋಡ್ ಆದ್ರ ಪ್ರೋಗ್ರಾಂ ಸದಾ ಚಾಲೂ ಇರೂಹಂಗ ನೋಡಕೋಬೇಕು.

80ನೇ ಪೋರ್ಟ್‌ನ್ಯಾಗ ಬ್ಯಾರೆ ಪ್ರೋಗ್ರಾಂ ಕುಂತಿರತೈತಿ. ಅಪಾಚೆ ಎದುರಿನ ಕಾನ್ಫಿಗ್ ಒತ್ತಿ ಎಚ್‌ಟಿಟಿಪಿಡಿ ಡಾಟ್ ಕಾನ್ಫ್ ಫೈಲ್ ತೆರೆ. ‘ಲಿಸನ್ 80’ ಇದ್ದಲ್ಲಿ 8080 ಮಾಡು, ಸರ್ವರ್‌ನೇಮ್ ಸಾಲಿನ್ಯಾಗೂ ಹಂಗ. ಉಳಿಸಿ ಸ್ಟಾರ್ಟ್ ಮಾಡು, ಬ್ರೌಸರ್‌ನ್ಯಾಗ ಲೋಕಲ್‌ಹೋಸ್ಟ್:8080 ಹೊಡಿ. ಫೈಲ್ ಎಚ್‌ಟಿಡಾಕ್ಸ್ ಫೋಲ್ಡರ್‌ನ್ಯಾಗನ ಇರಬೇಕು. ಡೆಸ್ಕ್‌ಟಾಪ್ ಮ್ಯಾಲೆ ಡಬಲ್ ಕ್ಲಿಕ್ ಮಾಡಿದ್ರ ಪಿಎಚ್‌ಪಿ ಓಡೂದಿಲ್ಲ.

ಆ ಪುಸ್ತಕ ಮಾತ್ರ ಬದಿಗಿಡು. ಅದರಾಗ ಡೇಟಾಬೇಸ್‌ಗೆ ಜೋಡಿಸಾಕ ಮೈಎಸ್‌ಕ್ಯೂಎಲ್_ಕನೆಕ್ಟ್ ಅಂತ ಇದ್ರ, ಅದನ್ನ 2015ರಾಗ ಪಿಎಚ್‌ಪಿ 7 ಬಂದಾಗನ ತಗದಾರ. ಪಿಡಿಒ (ಪಿಎಚ್‌ಪಿಯಿಂದ ಡೇಟಾಬೇಸ್ ಮುಟ್ಟೂ ಈಗಿನ ದಾರಿ) ಕಲಿ, ಪ್ರಿಪೇರ್ ಮಾಡಿ ಎಕ್ಸಿಕ್ಯೂಟ್ ಮಾಡೂದನ್ನ ಮೊದಲ ದಿನದಿಂದಾನ ರೂಢಿ ಮಾಡ್ಕೋ. ಫಾರ್ಮಿನ್ಯಾಗ ಬರದದ್ದನ್ನ ನೇರ ಕ್ವೆರಿಯೊಳಗ (ಡೇಟಾಬೇಸ್‌ಗೆ ಕೊಡೂ ಆಜ್ಞೆ) ಅಂಟಿಸಿದ್ರ, ಯಾರೋ ಕೆಟ್ಟ ಬುದ್ಧಿಯವರು ಅಲ್ಲೇ ಆಜ್ಞೆ ಬರದು ಟೇಬಲ್ ಅಳಸಬಹುದು.

ಟ್ಯೂಷನ್ ಟೀಚರ್, ಬೆಳಗಾವಿ

ನಾನು ಮಕ್ಕಳಿಗೆ ಪೈಥಾನ್ ಕಲಸ್ತೀನಿ. ಪ್ರೋಗ್ರಾಮಿಂಗ್ ಮೊದಲಸಲ ಮುಟ್ಟೋರಿಗೆ ಅದು ಓದಾಕ ಸಲೀಸು, ಅದರ ಫ್ಲಾಸ್ಕ್ ಅನ್ನೂ ವೆಬ್ ಸಾಧನದಾಗ ಹತ್ತು ಸಾಲಿಗೆ ಪುಟ ಏಳತೈತಿ. ಆದ್ರ ನಿಮ್ಮ ಕೆಲಸಕ್ಕ ವಿಜಯಪುರದ ಅಣ್ಣಾರ ಮಾತು ಸರಿ ಐತಿ. ಒಂದು ಮಾತು ನೆನಪಿಡ್ರಿ: ಝ್ಯಾಂಪ್ ಕಲಿಯಾಕ ಅಷ್ಟ. ಅದರ ಡೇಟಾಬೇಸ್‌ನ್ಯಾಗ ರೂಟ್‌ಗೆ (ಎಲ್ಲಾ ಅಧಿಕಾರ ಇರೂ ಖಾತೆ) ಪಾಸ್‌ವರ್ಡೇ ಇರೂದಿಲ್ಲ. ಗಿರಾಕಿಗಳ ಹೆಸರು, ವಿಳಾಸ ಅದರಾಗ ಇಟ್ಟು ಇಂಟರ್ನೆಟ್‌ನ್ಯಾಗ ಎಲ್ಲಾರಿಗೂ ತೆರೀಬ್ಯಾಡ್ರಿ.

ಖಣದ ಮನಿ, ಗುಳೇದಗುಡ್ಡ

8080 ಮಾಡಿದ ಕೂಡ್ಲೇ ಅಪಾಚೆ ನಿಂತ್ಕೊಂತು! ಪಿಡಿಒದಾಗ 9 ಆರ್ಡರ್ ಉಳಿಸಿದೆ. ಆದ್ರ ಅಂಕಿ ಸರಿ ಅದಾವು, ಕನ್ನಡ ಇದ್ದಲ್ಲೆಲ್ಲಾ ಬರೇ ???? ಐತಿ. ಟೇಬಲ್ ಮಾಡೂ ಕೋಡ್ ಪುಸ್ತಕದ್ದ, ಕೊನೀಗೆ ಲ್ಯಾಟಿನ್1 ಅಂತಿತ್ತು.

ಅಂಗಡಿ ವೆಬ್‌ಸೈಟ್ ಮಾಡಾಂವ, ವಿಜಯಪುರ

ಕಳ್ಳ ಸಿಕ್ಕ. ಲ್ಯಾಟಿನ್1 ಅಂದ್ರ ಅಕ್ಷರ ಉಳಿಸೂ ಒಂದು ಹಳೇ ಪದ್ಧತಿ, ಅದರಾಗ ಕನ್ನಡಕ್ಕ ಜಾಗಾನ ಇಲ್ಲ. ಟೇಬಲ್‌ಗೂ, ಪಿಡಿಒ ಜೋಡಿಸೂ ಸಾಲಿಗೂ ಕನ್ನಡ ಹಿಡಿಯೂ ಯುಟಿಎಫ್8ಎಂಬಿ4 ಹಾಕು. ಉಳಿದುಹೋದ ಪ್ರಶ್ನಾರ್ಥಕ ಮಾತ್ರ ಮತ್ತ ಅಕ್ಷರ ಆಗೂದಿಲ್ಲ ತಂಗಿ, ಆ 9 ಆರ್ಡರ್ ಹೊಸದಾಗಿ ಹೊಡೀಬೇಕು. ಇನ್ನೊಂದು: ಹೆಸರಿನ ಉದ್ದ ಎಣಿಸೂದಿದ್ರ ಪಿಎಚ್‌ಪಿಯ ಸ್ಟ್ರ್‌ಲೆನ್ ಆಜ್ಞೆ ಬ್ಯಾಡ. ಅದು ಅಕ್ಷರ ಅಲ್ಲ, ಬೈಟ್ ಎಣಸತೈತಿ. ‘ಖಣ’ ಎರಡಕ್ಷರಕ್ಕ 6 ಅಂತೈತಿ. ಎಂಬಿ_ಸ್ಟ್ರ್‌ಲೆನ್ 2 ಅಂತೈತಿ.

ಖಣದ ಮನಿ, ಗುಳೇದಗುಡ್ಡ

ಅಣ್ಣಾರ, ಬಂತು. ‘ತೇರು, ಕೆಂಪು, 12’ ಅಂತ ಸ್ವಚ್ಛ ಕನ್ನಡದಾಗ. ಅಪ್ಪನ್ನ ಮಗ್ಗದಿಂದ ಎಬ್ಬಿಸಿ ತೋರಿಸಿದೆ. ಕ್ಯಾಲೆಂಡರ್ ಹಾಳಿ ತಂದು ಬಾಜೂಕ ಹಿಡದು ಒಂಬತ್ತೂ ತಾಳೆ ನೋಡಿದ್ರು. ಆಮ್ಯಾಲೆ, ‘ಸೂತು ರೇಷ್ಮೀದೋ ಹತ್ತೀದೋ ಅಂತ ಬರಿಯಾಕ ಜಾಗಾ ಎಲ್ಲೈತಿ?’ ಅಂದ್ರು. ಈಗ ಆ ಕಾಲಂ ಸೇರ್ಸಾಕ ಕುಂತೀನ್ರಿ.